ಮಾಡದ ಪ್ರಮಾಣ

"ದೀಪ ಮುಟ್ಟಿ ಹೇಳು. ಒಂದೇ ಸಲ. ಮತ್ತೆ ನಾನು ಕೇಳುದಿಲ್ಲ."

ಮುರಳಿಕೃಷ್ಣ ಮನೆಯ ದೈವದ ಕೋಣೆಯಲ್ಲಿ ತಾನೇ ದೀಪ ಹಚ್ಚಿ, ತಾನೇ ತೆಂಗಿನಕಾಯಿ ಇಟ್ಟು, ಹೆಂಡತಿಯನ್ನು ಕರೆದು ನಿಲ್ಲಿಸಿದ್ದ. ದೈವದೆದುರು ಪ್ರಮಾಣ ಮಾಡಿದ ಮಾತನ್ನು ಮತ್ತೆ ಯಾರೂ ಎತ್ತಬಾರದೆಂಬುದು ಆ ಕಡೆಯ ಕಟ್ಟುಪಾಡು. ಸಂಜೆ ಸವಣೂರಿನಲ್ಲಿ ತಾಳಮದ್ದಳೆ. ಪ್ರಮಾಣ ಮಾಡದೆ ಹೊಸಿಲು ದಾಟಬಾರದೆಂದು ದೀಪಶ್ರೀಗೆ ಗಂಡನ ಅಪ್ಪಣೆ.

ಅವನ ಸಂಶಯ ಕೃಷ್ಣಮೋಹನ ಮಾಸ್ತರರ ಮೇಲೆ. ಹೋದ ತಾಳಮದ್ದಳೆ ಕೂಟದಲ್ಲಿ ರಾಜನ ಅರ್ಥ, ಎಂದರೆ ಆ ಪಾತ್ರದ ಮಾತುಗಾರಿಕೆ, ಅವರದು; ರಾಣಿಯದು ಇವಳದು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಮಾಸ್ತರರು ಹಲ್ಲುಸೆಟ್ಟು ಜಾರದ ಹಾಗೆ ಎಚ್ಚರದಿಂದ "ಪ್ರಿಯೆ" ಎಂದದ್ದೇ ಮಹಾಪರಾಧವಾಯಿತು. ಗಂಡನಾದವನಿಗೆ ಅಷ್ಟಿಷ್ಟು ಹೊಟ್ಟೆಕಿಚ್ಚು ಇರಲಿ ಎಂದು ದೀಪಶ್ರೀಗೆ ಮೊದಲು ನಗುವೇ ಬಂದಿತ್ತು. ಮೊಬೈಲ್ ತೋರಿಸಿದಳು, ಅಳಿಸಿದ್ದೆಷ್ಟು ಎಂದ. ಮಾಸ್ತರರ ಹೆಂಡತಿಯಿಂದಲೇ ಹೇಳಿಸಿದಳು; ನೀನೇ ಹೇಳಿಕೊಟ್ಟದ್ದು ಎಂದ. ಪುತ್ತೂರಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರೆ, ಅವರ ಮಾತು ಕೇಳಿ ಎದ್ದು ಬಂದ.

"ಹೊಟ್ಟೆಕಿಚ್ಚು ಎಲ್ಲರಿಗೂ ಉಂಟು," ಎಂದಿದ್ದರು ಆ ಡಾಕ್ಟರಮ್ಮ. "ಉತ್ತರ ಸಿಕ್ಕಿದ ಮೇಲೆ ತಣಿಯುದು ಒಂದು ಬಗೆ. ಸಿಕ್ಕಿದಷ್ಟೂ ಉರಿಯುದು ಕಾಯಿಲೆ."

ಸಾಕಾಗಿ ಹೋಗಿದ್ದ ದೀಪಶ್ರೀ ದೀಪದತ್ತ ಕೈ ಚಾಚಿದಳು.

"ಬೇಡ ದೀಪಾ!" ಬಾಗಿಲಲ್ಲಿ ಅತ್ತೆ ಗೋದಾವರಿ ನಿಂತಿದ್ದಳು.

"ಅಮ್ಮ, ನೀನು ಸುಮ್ಮನಿರು."

"ಸುಮ್ಮನಿದ್ದದ್ದು ಸಾಕು ಮಾರಾಯ. ಇದೇ ಜಾಗದಲ್ಲಿ ನಿನ್ನ ಅಪ್ಪ ನನ್ನ ಹತ್ತಿರವೂ ಪ್ರಮಾಣ ಮಾಡಿಸಿದ್ದಾರೆ. ಮಾಡಿದೆ. ಮರುದಿನ ಎಂತ ಹೇಳಿದ್ರು ಗೊತ್ತುಂಟಾ? ಈ ದೈವಕ್ಕೇ ಈಗ ಶಕ್ತಿ ಇಲ್ಲ ಅಂತ! ಸಾಯುವವರೆಗೂ ಕೇಳುದು ಬಿಡ್ಲಿಲ್ಲ."

ಹೆಂಡತಿ ಸುಳ್ಳು ಪ್ರಮಾಣ ಮಾಡಿದರೆ ತಿಳಿಯುವುದು ಹೇಗೆ ಎಂಬ ಯೋಚನೆ ತೆಂಗಿನಕಾಯಿ ಸುಲಿಯುವಾಗಲೇ ಮುರಳಿಕೃಷ್ಣನ ತಲೆ ಹೊಕ್ಕಿತ್ತು.

ದೀಪಶ್ರೀ ಕೈ ಹಿಂದೆಗೆದಳು. "ನಾನು ಪ್ರಮಾಣ ಮಾಡುದಿಲ್ಲ. ತಾಳಮದ್ದಳೆಗೆ ಹೋಗ್ತೇನೆ. ನಾಳೆ ನೀವು ಡಾಕ್ಟರ ಹತ್ತಿರ ಹೋಗುದಾದ್ರೆ ನಾನೂ ಬರ್ತೇನೆ. ಇಲ್ಲದಿದ್ರೆ ಸವಣೂರಿಂದ ಈ ಮನೆಗೆ ವಾಪಾಸು ಬರುದಿಲ್ಲ."

ಮುರಳಿಕೃಷ್ಣ ದೀಪದ ಮುಂದಿನಿಂದ ತೆಂಗಿನಕಾಯಿ ಎತ್ತಿಕೊಂಡ. "ನನ್ನ ತಲೆ ಓಡುದು ನೋಡಿ ನನಗೇ ಹೆದರಿಕೆ ಆಗ್ತದೆ, ದೀಪಾ," ಎಂದ. "ನಾಳೆ ಡಾಕ್ಟರ ಹತ್ತಿರ ಹೋಗುವ."

ಸಂಜೆ ತಾಯಿ ಮಗ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತರು. ಮಾಸ್ತರರು ಒಲವಿನ ಮಾತು ಎತ್ತಿದಾಗ ಮುರಳಿಕೃಷ್ಣ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ, ಏಳಲಿಲ್ಲ. ಇಷ್ಟು ದಿನ ಮಾತುಮಾತಿಗೂ ಗಂಡನ ಮುಖ ನೋಡಿಯೇ ಬಾಯಿ ತೆರೆಯುತ್ತಿದ್ದ ದೀಪಶ್ರೀ ಇವತ್ತು ಅತ್ತ ತಿರುಗಲೇ ಇಲ್ಲ. ಎದೆ ತುಂಬಿ ಮಾತಾಡಿದಳು. ಮಾತಿಗೆ ಮಾತು ಕೊಟ್ಟು ರಾಜನನ್ನು ಮೂಲೆಗೊತ್ತಿದಳು. ಮಾಸ್ತರರು ಸೋಲೊಪ್ಪಿ ಕೈ ಮುಗಿದರು, ಸಭೆಯಿಡೀ ನಕ್ಕು ಚಪ್ಪಾಳೆ ತಟ್ಟಿತು.

ಭಾಗವತರು ಮುಂದಿನ ಪದ ಹಾಡತೊಡಗಿದರು. ಗೋದಾವರಿ ಒಬ್ಬಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.