ಮೂಗಿಗೆ ಎರಡು ತೊಟ್ಟು

ಹಾಡುಗಾರ್ತಿಯ ಎದೆಯ ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿದೆ ಎಂಬ ಸುದ್ದಿ ಬಂದದ್ದೇ ತಡ, ಎಲ್ಲರೂ ಸೇರಿ ಆಕೆಯನ್ನು ಅರ್ಧ ಹೂತೇಬಿಟ್ಟರು. ನಾಟಕ ಕಂಪನಿಯ ಮಾಲೀಕ ಅಳುಮುಖ ಹೊತ್ತು ಬಂದು, ಆಕೆ ವರ್ಷಗಟ್ಟಲೆ ಹಾಡಿದ್ದ ರಾಣಿಯ ಪಾತ್ರವನ್ನು ಆಕೆಯ ಮಗಳಿಗೇ ಕೊಟ್ಟು ಹೋದ. ಎಂಥ ಧಾರಾಳ ಮನಸ್ಸು! ಗಂಡನಂತೂ ಮನೆಯಲ್ಲಿ ಪಿಸುಗುಟ್ಟತೊಡಗಿದ.

"ಗಟ್ಟಿಯಾಗಿ ಮಾತಾಡ್ರೀ, ನಾನಿನ್ನೂ ಇದ್ದೀನಿ," ಎಂದು ಆಕೆ ಗದರಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. "ಕ್ಯಾನ್ಸರ್ ತರಾನೇ ಕಾಣ್ತಿದೆ. ಶ್ವಾಸಕೋಶದ ಆ ಭಾಗ ತೆಗೆದುಬಿಡೋಣ."

"ಆಮೇಲೆ ಹಾಡೋಕಾಗತ್ತಾ?"

"ಮೊದಲಿನಷ್ಟು ಉಸಿರು ಹಿಡಿಯೋಕಾಗಲ್ಲ."

"ಕಾಣ್ತಿದೆ ಅಂತ ಕುಯ್ದುಬಿಡೋದಾ? ಬಣ್ಣ ಹಚ್ಚಿದ್ರೆ ನಾನೂ ರಾಣಿ ತರಾನೇ ಕಾಣ್ತೀನಿ. ಮನೇಲಿ ಪಾತ್ರೆ ತಿಕ್ಕೋಳೂ ನಾನೇ. ಮೊದಲು ಏನು ಅಂತ ಖಾತ್ರಿ ಮಾಡ್ಕೊಳ್ಳಿ ಡಾಕ್ಟ್ರೇ."

ಗಂಡ ನಾಚಿ ನೆಲ ನೋಡಿದ. ಡಾಕ್ಟರಮ್ಮ ನಗು ತಡೆದುಕೊಂಡು, ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಲು ಒಪ್ಪಿದರು.

ಆಕೆಗೆ ಭಯವಿರಲಿಲ್ಲವೆಂದಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ರಾಣಿಯ ಹಾಡನ್ನು ಪೂರ್ತಿ ಹಾಡಿಯೇ ಹೊರಬಂದಳು.

"ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರಮ್ಮ, ವರದಿ ಬಂದ ದಿನ. "ಆದ್ರೆ ಚೂರಿನ ತುಂಬ ಎಣ್ಣೆ! ಅಲ್ಲಿಗೆ ಎಣ್ಣೆ ಹೇಗಮ್ಮ ಹೋಯ್ತು?"

ಆಕೆ ತಲೆ ಚಚ್ಚಿಕೊಂಡು ವಿಷಯ ಹೇಳಿದಳು. ಕಂಪನಿಯ ಹಾಡುಗಾರರೆಲ್ಲ ಗಂಟಲು ಒಣಗದಿರಲೆಂದು, ಮಲಗಿ ಮೂಗಿಗೆ ಎರಡು ತೊಟ್ಟು ಎಣ್ಣೆ ಬಿಟ್ಟುಕೊಳ್ಳುತ್ತಿದ್ದರು. ಆಕೆ ಒಂದು ದಿನವೂ ತಪ್ಪಿಸಿದವಳಲ್ಲ. ಆ ಎಣ್ಣೆ ಸದ್ದಿಲ್ಲದೆ ಎದೆಗಿಳಿದು ಗಡ್ಡೆ ಕಟ್ಟಿತ್ತು.

"ಎಣ್ಣೆ ಹಾಕೋದು ನಿಲ್ಲಿಸಿ, ಆಗಾಗ ಬಂದು ತೋರಿಸ್ತಿರಿ. ಕುಯ್ಯೋದೇನೂ ಬೇಡ," ಎಂದರು ಡಾಕ್ಟರಮ್ಮ.

ಆಸ್ಪತ್ರೆಯಿಂದ ನೆಟ್ಟಗೆ ತಾಲೀಮಿನ ಕೋಣೆಗೇ ನಡೆದಳು. ಬಾಗಿಲಲ್ಲಿ ಮಾಲೀಕ ಕೈ ಅಡ್ಡ ಹಿಡಿದ. "ಅಮ್ಮಾ, ನೀವು ಆರಾಮಾಗಿ ಮಲಗಿರಬಾರ್ದಾ?"

"ಮಲಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಪಕ್ಕಕ್ಕೆ ಸರಿ. ನನ್ನ ಕಿರೀಟ ಎಲ್ಲಿ?"

ಕಿರೀಟ ಬಣ್ಣದ ಕೋಣೆಯಲ್ಲಿತ್ತು. ಪಕ್ಕದ ಬೆಂಚಿನ ಮೇಲೆ ಮಗಳು ಅಂಗಾತ ಮಲಗಿ, ಅಮ್ಮ ಕಲಿಸಿಕೊಟ್ಟಂತೆಯೇ, ಮೂಗಿಗೆ ಎಣ್ಣೆ ಬಿಟ್ಟುಕೊಳ್ಳುತ್ತಿದ್ದಳು.

ಆಕೆ ಸೀಸೆ ಕಿತ್ತುಕೊಂಡು ಕಿಟಕಿಯಾಚೆ ಎಸೆದಳು.

"ಅಮ್ಮಾ! ಪಾತ್ರಕ್ಕಾಗಿ ಇಷ್ಟು ಕೋಪಾನಾ?"

"ಪಾತ್ರ ಹಾಳಾಗ್ಲಿ! ಏಳು, ಮೊದಲು ನಿನ್ನ ಎದೆ ಸ್ಕ್ಯಾನ್ ಮಾಡಿಸ್ಬೇಕು. ರಾಣಿ ಯಾರು ಅಂತ ಆಮೇಲೆ ಎದುರುಬದುರು ನಿಂತು ಹಾಡೇ ತೀರ್ಮಾನ ಮಾಡೋಣ."