ಎಡಗೈ

"ಇಷ್ಟರವರೆಗೆ ಗೊತ್ತಾದವರು ಕೈ ಎತ್ತಿ" ಎಂದು ರಜನಿ ಬೋರ್ಡಿನಲ್ಲಿ ಸಮೀಕರಣ ಬರೆದು ಈ ಕಡೆ ತಿರುಗಿದಾಗ ಕೈಗಳೆಲ್ಲ ಆಗಲೇ ಮೇಲಿದ್ದವು. ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ಮೂಡಿಗೆರೆಯ ಆ ತರಬೇತಿ ಹಾಲಿನಲ್ಲಿ ಕೂತ ಮೇಷ್ಟರುಗಳಿಗೆ ಎಚ್ಚರವಾಗಿರುವುದೇ ಕಷ್ಟವಾಗಿತ್ತು. ಬೇಗ ಕೈ ಎತ್ತಿದರೆ ಬೇಗ ಟೀ ಬರುತ್ತದೆ ಎಂಬುದು ತರಬೇತಿಗಳಿಗೆ ಬಂದು ಬಂದು ಅವರಿಗೆ ಗೊತ್ತಾಗಿಹೋಗಿತ್ತು. ರಜನಿ ತೃಪ್ತಿಯಿಂದಲೇ ಒಮ್ಮೆ ಕಣ್ಣಾಡಿಸಿ, ಡಸ್ಟರ್ ಎತ್ತಿಕೊಳ್ಳುವವಳು ಹಾಗೇ ನಿಂತಳು. ಕಿಟಕಿ ಪಕ್ಕದ ಮೂರನೇ ಸಾಲಿನಲ್ಲಿ ಒಂದು ಕೈ ಬೇರೆ ಥರ ಎದ್ದಿತ್ತು. ಸಿದ್ದಬಸಪ್ಪ ಮೇಷ್ಟ್ರು ಎಡಗೈ ಎತ್ತಿದ್ದರು.

ಅದರ ಅರ್ಥ ಆ ಹಾಲಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಬಣಕಲ್‌ನಿಂದ ಮೇಲೆ, ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಅಂಟಿಕೊಂಡಂತಿರುವ ಶಾಲೆಯಲ್ಲಿ ಅವಳು ಅವರ ಕೈಕೆಳಗೆ ಓದಿದವಳು. ಅವಳಪ್ಪ ಆಗ ಅಲ್ಲಿ ಒಂದು ದಿನಸಿ ಅಂಗಡಿ ಇಟ್ಟಿದ್ದ. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ಒಂದು ಕಾನೂನು ಹೇಳುತ್ತಿದ್ದರು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು, ಒಬ್ಬರೂ ತಲೆ ತಗ್ಗಿಸಿ ಕೂರಬಾರದು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಇನ್‌ಸ್ಪೆಕ್ಟರಿಗೆ ಕಾಣುವುದು ಬರೀ ಕೈ. ಮೇಷ್ಟ್ರಿಗೆ ಕಾಣುವುದು ಯಾವ ಕೈ ಎಂದು. ಅವರು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಿದ್ದರು. ಇನ್‌ಸ್ಪೆಕ್ಟರು ಬೆನ್ನು ತಟ್ಟಿ ಹೋಗುತ್ತಿದ್ದರು.

ಇದನ್ನು ಬೇರೆ ಮೇಷ್ಟರುಗಳೂ ಮಾಡುತ್ತಿದ್ದರಂತೆ. ಆದರೆ ಸಿದ್ದಬಸಪ್ಪನವರಲ್ಲಿ ಇನ್‌ಸ್ಪೆಕ್ಟರು ಹೋದ ಮೇಲೂ ಆ ಕಾನೂನು ಉಳಿಯಿತು. ದಿನಾ ಹಾಗೇ. ಎಡಗೈ ಎತ್ತಿದವರನ್ನು ಅವರು ಎಲ್ಲರೆದುರು ಯಾವತ್ತೂ ಕೇಳಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಅವರನ್ನಷ್ಟೇ ಉಳಿಸಿಕೊಂಡು, ಶಾಲೆಯ ಅಡುಗೆಯ ರಾಮಮ್ಮನಿಂದ ಬೆಲ್ಲದ ಕಾಫಿ ಕಾಸಿಸಿ ಒಂದೊಂದು ಲೋಟ ಕೊಟ್ಟು, ಮೊದಲಿಂದ ಹೇಳಿಕೊಡುತ್ತಿದ್ದರು. ಆ ಕಾಫಿಯ ಆಸೆಗೆ ಗೊತ್ತಿದ್ದವರೂ ಎಡಗೈ ಎತ್ತುತ್ತಿದ್ದದ್ದುಂಟು. ರಜನಿ ಮಾತ್ರ ನಿಜವಾಗಿ ಎಡಗೈಯವಳೇ ಆಗಿದ್ದಳು. ಭಾಗಾಕಾರ ಅವಳ ತಲೆಗೆ ಹತ್ತಿದ್ದು ಒಂದು ಇಡೀ ಮಳೆಗಾಲ ಆ ಕಾಫಿ ಕುಡಿದ ಮೇಲೆ. ಆಮೇಲೆ ಅವಳು ಗಣಿತದಲ್ಲೇ ಎಂ.ಎಸ್ಸಿ. ಮಾಡಿ, ಹೈಸ್ಕೂಲಿಗೆ ಸೇರಿ, ಈ ವರ್ಷ ತಾಲ್ಲೂಕಿನ ಗಣಿತದ ಮೇಷ್ಟರುಗಳಿಗೆ ನೆರವಾಗಲು ನೇಮಕವಾಗಿ ಬಂದಿದ್ದಳು.

ಮೇಷ್ಟ್ರು ಗಣಿತದವರಲ್ಲ, ಕನ್ನಡದವರು. ಲೆಕ್ಕ ಹೇಳಿಕೊಡುತ್ತಿದ್ದದ್ದು ಚಿಕ್ಕ ತರಗತಿಗಳಿಗೆ. ಅವರು ಈ ಹಾಲಿಗೆ ಬಂದ ಕಾರಣವನ್ನು ಅವರ ಶಾಲೆಯ ಮುಖ್ಯ ಶಿಕ್ಷಕಿ ಸೌಜನ್ಯ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಗಣಿತದ ಮೇಷ್ಟ್ರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಗಣಿತಕ್ಕೆ ಜನ ಇಲ್ಲದಿದ್ದರೆ ಎಂಟನೇ ತರಗತಿಯನ್ನು ಮುಚ್ಚಿ ಮಕ್ಕಳನ್ನು ಕೆಳಗಿನ ಹೈಸ್ಕೂಲಿಗೆ ಕಳಿಸಬೇಕು. ಲೈನಿನ ಮಕ್ಕಳಿಗೆ ಅದು ಎರಡು ಬಸ್ಸಿನ ದಾರಿ. ಹೆಣ್ಣುಮಕ್ಕಳನ್ನು ಅವರ ತಾಯಂದಿರು ಅಷ್ಟು ದೂರ ಕಳಿಸುವುದಿಲ್ಲ. ಮನೆಯಲ್ಲಿ ಮಗು ನೋಡಿಕೊಂಡಿರಲಿ ಎನ್ನುತ್ತಾರೆ. ಶಾಲೆಯ ಸಭೆಯಲ್ಲಿ ಎಲ್ಲರೂ ಸುಮ್ಮನಿದ್ದಾಗ ಸಿದ್ದಬಸಪ್ಪನವರು ನಾನು ತಗೊಳ್ತೇನೆ ಅಂದುಬಿಟ್ಟಿದ್ದರು. ಆ ಧೈರ್ಯದ ಬಗ್ಗೆಯೇ ಸೌಜನ್ಯರಿಗೆ ಅನುಮಾನ. ತರಬೇತಿ ಮುಗಿದ ಮೇಲೆ ಅವರಿಂದ ಆಗುತ್ತದೋ ಇಲ್ಲವೋ ಎಂದು ರಜನಿಯೇ ಹೇಳಬೇಕು. ಆಗುವುದಿಲ್ಲ ಎಂದರೆ ತಿಂಗಳ ಕೊನೆಯೊಳಗೆ ಮಕ್ಕಳನ್ನು ಕಳಿಸುವ ವ್ಯವಸ್ಥೆ ಮಾಡುವುದಾಗಿ ಹೇಳಿದ್ದರು.

ಟೀ ಬಂದಾಗ ರಜನಿ ಕಿಟಕಿಯ ಕಡೆ ಹೋದಳು. ಮೇಷ್ಟ್ರು ಎದ್ದು ನಿಂತು "ಬನ್ನಿ ಮೇಡಂ" ಅಂದರು. ಅವಳಿಗೆ ನಗು ಬಂತು, ಕಸಿವಿಸಿಯೂ ಆಯಿತು. ಕೈಯ ವಿಷಯ ಅವಳು ಎತ್ತುವ ಮೊದಲೇ ಅವರು, ಬಲಗಡೆ ಭುಜ ಹಿಡ್ಕೊಂಡಿದೆ, ಎತ್ತೋಕಾಗಲ್ಲ ಎಂದು ತಾವಾಗಿ ಹೇಳಿದರು. ಪಕ್ಕದಲ್ಲಿದ್ದ ಪ್ರಶಾಂತ್ ಎಂಬ ಹರೆಯದ ಮೇಷ್ಟ್ರಿಗೆ ಮಾತು ಸಿಕ್ಕಿತು.

"ಎಡದಿಂದ ಬಲಕ್ಕೆ ಹೋದ್ರೆ ಚಿಹ್ನೆ ಬದಲಾಗತ್ತೆ ಅಂತ ಮೇಡಂ ಈಗಷ್ಟೇ ಹೇಳಿದ್ರಲ್ಲ ಸರ್. ನೀವು ಎಡದಲ್ಲೇ ಇದ್ದುಬಿಡಿ, ಸೇಫು."

ಸುತ್ತಲಿನವರು ನಕ್ಕರು. ಮೇಷ್ಟ್ರೂ ನಕ್ಕರು. ಟೀ ಲೋಟವನ್ನು ಎಡಗೈಯಲ್ಲೇ ಹಿಡಿದಿದ್ದರು.

ಭುಜದ ನೋವು ನಿಜವಿರಬಹುದು ಎಂದು ರಜನಿ ಸಮಾಧಾನ ಮಾಡಿಕೊಂಡಳು. ವಯಸ್ಸಾಯಿತು, ನಿವೃತ್ತಿಗೆ ಇನ್ನೆಷ್ಟು ಕಾಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬಸ್‌ಸ್ಟ್ಯಾಂಡ್ ದಾಟುವಾಗ ಬಣಕಲ್ ಕಡೆಯ ಬಸ್ಸು ನಿಂತಿತ್ತು. ಒಳಗೆ ಮುದುಕಿಯೊಬ್ಬಳು ಅಕ್ಕಿ ಚೀಲ ಹಿಡಿದು ಒದ್ದಾಡುತ್ತಿದ್ದಳು. ಮೇಷ್ಟ್ರು ಸೀಟಿನಿಂದ ಎದ್ದು ಆ ಚೀಲವನ್ನು ಬಲಗೈಯಲ್ಲಿ ಎತ್ತಿ ತಲೆಯ ಮೇಲಿನ ಕಂಬಿಗೆ ಸರಾಗವಾಗಿ ತಳ್ಳಿದರು.

ರಜನಿಯ ಮನೆ ಇದ್ದದ್ದು ಮೂಡಿಗೆರೆಯಲ್ಲೇ. ಆದರೂ ಅವಳು ಬಸ್ಸು ಹತ್ತಿ ಅವರ ಪಕ್ಕ ಕೂತಳು.

"ಭುಜ ವಾಸಿ ಆಯ್ತಾ ಸರ್?"

ಮೇಷ್ಟ್ರು ಕಂಬಿಯ ಮೇಲಿನ ಚೀಲ ನೋಡಿದರು, ಕಿಟಕಿಯ ಹೊರಗೆ ನೋಡಿದರು. ಬಸ್ಸು ಹೊರಟು ಊರು ದಾಟಿತು.

"ಬೇಕಂತ ಎತ್ತಿದ್ದಲ್ಲ ಕಣೇ" ಅಂದರು ಆಮೇಲೆ. "ನೀನು ಕೈ ಎತ್ತಿ ಅಂದೆ. ಎಲ್ಲರೂ ಎತ್ತಿದ್ರು. ನಂದೂ ಎದ್ದುಬಿಡ್ತು, ತನಗೆ ತಾನೇ. ನೋಡ್ತೇನೆ, ಎಡದ್ದು. ಇಳಿಸೋಣ ಅನ್ನಿಸ್ತು. ಅಷ್ಟರಲ್ಲಿ ನೀನು ನೋಡಿಯಾಗಿತ್ತು."

ಎಲ್ಲಿ ಅರ್ಥವಾಗಲಿಲ್ಲ ಎಂದು ಅವಳು ಕೇಳಿದಳು. ಹಾಗೆ ಕೇಳಿದರೆ ತರಬೇತಿಗೆ ಬಂದವರೆಲ್ಲ ಸಾಮಾನ್ಯವಾಗಿ, ಎಲ್ಲ ಅರ್ಥವಾಗಿದೆ, ಒಂದೇ ಒಂದು ಕಡೆ ಸಣ್ಣ ಡೌಟು ಎನ್ನುತ್ತಾರೆ. ಸಿದ್ದಬಸಪ್ಪನವರು ಮೊದಲ ಸಾಲೇ ಅರ್ಥವಾಗಲಿಲ್ಲ ಅಂದರು.

"ನಾವು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಿಡ್ತೇವೆ. ನೀವು ಗಣಿತದವರು ಅದಕ್ಕೆ ಮೊದಲು ಎಕ್ಸ್ ಅಂತ ಹೆಸರಿಡ್ತೀರಿ, ಆಮೇಲೆ ಅದು ಯಾರು ಅಂತ ಹುಡುಕ್ತೀರಿ. ಎಂತ ಕತೆ ಇದು? ಹುಟ್ಟದೇ ಇರೋ ಕೂಸಿಗೆ ನಾಮಕರಣ. ಅದು ಹೋಗ್ಲಿ. ಎಕ್ಸ್‌ಗೆ ಎಂಟು ಕೂಡಿದ್ರೆ ಇಪ್ಪತ್ತು ಅಂದೆ. ಎಂಟು ಆಚೆ ಹೋದ ಕೂಡಲೇ ಕಳೀಬೇಕು ಅಂದೆ. ಯಾಕೆ? ಆಚೆ ಅಂಥದ್ದೇನಿದೆ?"

ರಜನಿ ಉತ್ತರ ಹೇಳಲು ಬಾಯಿ ತೆರೆದಳು. ಬಂದದ್ದು ನಿಯಮ. ಆ ನಿಯಮವನ್ನೇ ಅವಳು ಹಾಲಿನಲ್ಲಿ ಎರಡು ಸಲ ಹೇಳಿದ್ದಳು, ಹಿಂದಿನ ತಂಡಗಳಿಗೂ ಹೇಳಿದ್ದಳು, ಪ್ರತಿ ಸಲವೂ ಹಾಲಿನ ತುಂಬ ಬಲಗೈಗಳು ಎದ್ದಿದ್ದವು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅವಳಿಗೆ ಗೊತ್ತಿಲ್ಲವೆಂದಲ್ಲ, ಹೇಳುವ ಅಭ್ಯಾಸ ತಪ್ಪಿಹೋಗಿತ್ತು. ಅವಳು ಬಸ್ಸಿನ ಆಚೆಗೆ ನೋಡಿದಳು. ಕಾಫಿ ಗಿಡಗಳು ಹಸಿರಾಗಿ ನಿಂತಿದ್ದವು, ಕಾಯಿ ಇನ್ನೂ ಮೆಣಸಿನ ಕಾಳಿನಷ್ಟಿತ್ತು.

ಎಂಟು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳು ನಿಧಾನವಾಗಿ ಶುರು ಮಾಡಿದಳು. ಎರಡೂ ಕಡೆ ಒಂದೇ ತೂಕ ಇದೆ. ಈ ಕಡೆಯಿಂದ ಎಂಟು ತೆಗೆದರೆ ಆ ಕಡೆಯಿಂದಲೂ ಎಂಟು ತೆಗೆಯಬೇಕು, ಇಲ್ಲದಿದ್ದರೆ ಸಮ ಉಳಿಯುವುದಿಲ್ಲ. ಆಚೆ ಕಾಣುವ ಮೈನಸ್ಸು ಆ ತೆಗೆದದ್ದರ ಗುರುತು, ಅಷ್ಟೆ.

ಬಸ್ಸು ಒಂದು ತಿರುವಿನಲ್ಲಿ ವಾಲಿತು, ಮೇಷ್ಟ್ರು ಮುಂದಿನ ಸೀಟು ಹಿಡಿದುಕೊಂಡರು.

"ಕಾಫಿ ಕುಯ್ಲಲ್ಲಿ ಹೆಂಗಸರು ಮೂಟೆಗೆ ಗುರುತು ಕಟ್ತಾರಲ್ಲ" ಅಂದರು. "ಒಬ್ಬಳು ಹಳೇ ಸೀರೆ ಅಂಚು ಕಟ್ತಾಳೆ, ಒಬ್ಬಳು ಜರಿಗಿಡದ ಎಲೆ ಸಿಗಿಸ್ತಾಳೆ. ತೂಕ ಆಗಿರೋದಿಲ್ಲ ಇನ್ನೂ. ಎಷ್ಟು ಅಂತ ಅವಳಿಗೂ ಗೊತ್ತಿಲ್ಲ, ತೂಕ ಹಾಕೋ ಮೇಸ್ತ್ರಿಗೂ ಗೊತ್ತಿಲ್ಲ. ಆದ್ರೂ ಇದು ಗಿಡ್ಡಮ್ಮನ ಮೂಟೆ, ಇದು ಇಂಥವಳ ಮೂಟೆ. ಎಕ್ಸ್ ಅಂದ್ರೆ ಅದಾ?"

"ಅದೇ ಸರ್."

"ಹಾಗಿದ್ರೆ ಅದು ಹೆಸರಲ್ಲ ಕಣೇ. ಗುರುತು." ಅವರ ಮುಖದ ಮೇಲೆ ಒಂದು ಬೆಳಕು ಬಂದು, ಕೂಡಲೇ ಮತ್ತೆ ಮಾಸಿತು. "ಇದು ಮೊದಲ ಪಾಠ ಆಯ್ತು. ಮುಂದೆ ಪುಸ್ತಕದ ತುಂಬ ಇದೆ. ಸೌಜನ್ಯ ಮೇಡಂ ನಿನ್ನ ಕೇಳ್ತಾರೆ. ಏನು ಹೇಳ್ತಿ?"

ಅದು ಅವಳ ಕಿವಿಗೆ ಪ್ರಶ್ನೆಯ ಹಾಗೆ ಬೀಳಲಿಲ್ಲ. ಆಗುವುದಿಲ್ಲ ಎಂದು ಅವಳೇ ಹೇಳಿಬಿಟ್ಟರೆ ಅವರಿಗೆ ತಪ್ಪಿಸಿಕೊಳ್ಳಲು ಒಂದು ದಾರಿಯಾಗುತ್ತಿತ್ತು. ಅವಳು ಆ ಮಾತು ಬಿಟ್ಟು, ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದಲ್ಲ, ಕಾಫಿ ಪುಡಿ ಇದೆಯಾ ಎಂದು ಕೇಳಿದಳು. ಮೇಷ್ಟ್ರು ಅವಳನ್ನೇ ನೋಡಿದರು.

"ಬೆಲ್ಲವೂ ಇದೆ" ಅಂದರು.

ರಾತ್ರಿ ಸೌಜನ್ಯರ ಫೋನು ಬಂದಾಗ ಅವಳು, ಎಂಟನೇ ತರಗತಿಯನ್ನು ಮೇಷ್ಟ್ರಿಗೇ ಬಿಡಿ ಅಂದಳು. ಖಾತ್ರಿಯಾ ಎಂದು ಸೌಜನ್ಯ ಎರಡು ಸಲ ಕೇಳಿದರು. ಎರಡು ಸಲವೂ ಹೌದು ಅಂದಳು. ಫೋನು ಇಟ್ಟವಳೇ ಎಂಟನೇ ತರಗತಿಯ ಗಣಿತದ ಪುಸ್ತಕ ಹುಡುಕಿ ತೆಗೆದಳು.

ಆ ಮಳೆಗಾಲದ ಶನಿವಾರಗಳು ಹೀಗೆ ಹೋದವು. ಅವಳು ಮಧ್ಯಾಹ್ನದ ಬಸ್ಸಿಗೆ ಬಂದು, ಕೊಡೆ ಒದರಿ, ಎಂಟನೇ ತರಗತಿಯ ಮೊದಲ ಬೆಂಚಿನ ಎದುರು ನಿಲ್ಲುತ್ತಿದ್ದಳು. ಮೇಷ್ಟ್ರು ಆ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುತ್ತಿದ್ದರು. ರಾಮಮ್ಮ ಲೋಟ ತಂದಿಟ್ಟು, "ಈ ವಯಸ್ಸಲ್ಲಿ ಸಾಹೇಬ್ರಿಗೆ ಎಡಗೈ ಪಾಠ" ಎಂದು ಗೊಣಗಿ ಹೋಗುತ್ತಿದ್ದಳು. ಅವಳಿಗೂ ತಲೆ ನರೆತಿತ್ತು. ಕೆಲವು ಶನಿವಾರ ಚೆನ್ನಾಗಿ ಸಾಗುತ್ತಿತ್ತು. ಒಂದು ಶನಿವಾರ ಮೇಷ್ಟ್ರು ಪುಸ್ತಕ ಮುಚ್ಚಿ, ನನ್ನಿಂದ ಆಗಲ್ಲ ಮಾರಾಯ್ತಿ, ಸೌಜನ್ಯ ಮೇಡಂಗೆ ಹೇಳಿಬಿಡು ಎಂದು ಎದ್ದೇ ಬಿಟ್ಟರು. ಭಾಗಾಕಾರ ಬಾರದೆ ರಜನಿ ಸ್ಲೇಟು ಎಸೆದು ಓಡಿದ್ದ ದಿನ ಅವರು ಕಾಫಿ ಆರದಂತೆ ಲೋಟದ ಮೇಲೆ ಪುಸ್ತಕ ಮುಚ್ಚಿಟ್ಟು ಕಾದಿದ್ದರು. ಅವಳು ಅವರ ಲೋಟದ ಮೇಲೆ ಗಣಿತದ ಪುಸ್ತಕ ಇಟ್ಟಳು. ಮೇಷ್ಟ್ರು ಜಗಲಿಯ ತುದಿಯವರೆಗೆ ಹೋಗಿ, ಮಳೆ ನೋಡುತ್ತ ನಿಂತು, ವಾಪಸು ಬಂದರು.

ಆಗಸ್ಟಿನಲ್ಲಿ ಅವಳು ಕೆಲಸದ ದಿನವೇ ಬಂದಳು. ತರಗತಿ ನೋಡುವುದು ಅವಳ ಕೆಲಸವೂ ಆಗಿತ್ತು. ಹಿಂದಿನ ಬೆಂಚಿನಲ್ಲಿ ಹುಡುಗಿಯರ ಪಕ್ಕ ಜಾಗ ಮಾಡಿಕೊಂಡು ಕೂತಳು. ಬೋರ್ಡಿನ ಪಕ್ಕದ ಮೊಳೆಯಲ್ಲಿ ಸಣ್ಣ ಗೋಣಿಚೀಲವೊಂದು ನೇತಾಡುತ್ತಿತ್ತು. ಅದರ ಬಾಯಿಗೆ ಕೆಂಪು ಸೀರೆಯ ಅಂಚು ಕಟ್ಟಿತ್ತು. ಮೇಷ್ಟ್ರು ಎರಡು ಎಕ್ಸ್ ಎಂದು ಬರೆದರು. ಎಕ್ಸ್ ಐದಾದರೆ ಇದೆಷ್ಟು ಎಂದರು. ಕುಸುಮಾ ಎಂಬ ಹುಡುಗಿ ಎದ್ದು ಇಪ್ಪತ್ತೈದು ಅಂದಳು. ಅವಳ ತಾಯಿ ಲೈನಿನಲ್ಲಿ ಇದ್ದವಳು, ಶಾಲೆ ಬಿಡಿಸುತ್ತೇನೆ ಎಂದು ಮೊದಲು ಹೇಳಿದ್ದವಳು. ಮಕ್ಕಳು ನಕ್ಕರು.

"ನಗಬೇಡಿ" ಅಂದರು ಮೇಷ್ಟ್ರು. "ನಾನೂ ಜೂನಲ್ಲಿ ಇಪ್ಪತ್ತೈದು ಅಂತಲೇ ಅಂದ್ಕೊಂಡಿದ್ದೆ. ಎರಡರ ಪಕ್ಕ ಐದು ಬರೆದ್ರೆ ಇಪ್ಪತ್ತೈದಲ್ವಾ? ಆದ್ರೆ ಕುಸುಮಾ, ಒಂದೇ ತೂಕದ ಎರಡು ಮೂಟೆ ಅಂದ್ರೆ ಎಷ್ಟು?"

ಕುಸುಮಾ ಚೀಲ ನೋಡಿದಳು, ಬೋರ್ಡು ನೋಡಿದಳು, ಹತ್ತು ಅಂದಳು. ಅಲ್ಲಿಗೆ ಕೂರಲಿಲ್ಲ. ಹುಡುಗಿಗೆ ಧೈರ್ಯ ಬಂದಿತ್ತು.

"ಸರ್, ನಿನ್ನೆ ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಅಂದ್ರಲ್ಲ. ಅದು ಎಂತಕ್ಕೆ?"

ಮೇಷ್ಟ್ರು ಸೀಮೆಸುಣ್ಣ ಹಿಡಿದು ಯೋಚಿಸಿದರು. ಆಮೇಲೆ ಪ್ರಶ್ನೆಯನ್ನು ಹಾಗೇ ತರಗತಿಗೆ ದಾಟಿಸಿದರು. ಯಾರಿಗೆ ಗೊತ್ತು, ಕೈ ಎತ್ತಿ ಅಂದರು. ಎಲ್ಲ ಕೈಗಳೂ ಎದ್ದವು, ಎಲ್ಲವೂ ಎಡಗೈ.

ಹಿಂದಿನ ಬೆಂಚಿನಲ್ಲಿ ರಜನಿ ಅದಕ್ಕೆ ಯೂನಿವರ್ಸಿಟಿಯಲ್ಲಿ ಬರೆದಿದ್ದ ಪ್ರೂಫನ್ನು ಮನಸ್ಸಿಗೆ ತಂದುಕೊಂಡಳು. ಅದರ ಒಂದೊಂದು ಸಾಲೂ ನೆನಪಿತ್ತು. ಅದನ್ನು ಕುಸುಮಾಳಿಗೆ ಹೇಳುವುದು ಹೇಗೆ ಎಂದು ನೋಡಿದಳು. ಗೋಣಿಚೀಲಕ್ಕೆ ಹಾಕಿ ನೋಡಿದಳು, ಹಿಡಿಯಲಿಲ್ಲ. ಮಕ್ಕಳ ಕೈಗಳ ನಡುವೆ ಅವಳ ಕೈಯೂ ಎದ್ದಿತು.

ಮೇಷ್ಟ್ರು ಹಿಂದಿನ ಬೆಂಚಿನವರೆಗೆ ಕಣ್ಣು ಹಾಯಿಸಿದರು. ಅವಳ ಕೈ ಕಂಡಿತು. ಯಾವ ಕೈ ಎಂಬುದೂ ಕಂಡಿತು. ಅವಳನ್ನು ಏನೂ ಕೇಳದೆ ಅವರು ಬಾಗಿಲಿಗೆ ಹೋಗಿ, ಅಡುಗೆ ಕೋಣೆಯ ಕಡೆ ಕತ್ತು ಚಾಚಿದರು.

"ರಾಮಮ್ಮಾ, ಸಂಜೆ ಎಲ್ಲರೂ ಇರ್ತಾರೆ. ಕಾಫಿಗೆ ನೀರು ಒಂದು ಲೋಟ ಜಾಸ್ತಿ ಇಡು."