ನುಚ್ಚು ಎಂಬ ಹೆಸರು

ನನ್ನ ಹೆಂಡತಿ ಜುಬೇದಾಬೀ ಅಲ್ಲಾಹನ ಕರೆಗೆ ಓಗೊಟ್ಟು ಮೂರು ತಿಂಗಳಾಗಿತ್ತು. ಅಡಿಗೆಮನೆ ನನ್ನ ಪಾಲಿಗೆ ಬಂದಿತ್ತು. ಮಗ ಸೊಸೆ ಬೆಳಿಗ್ಗೆಯೇ ಗಂಗಾವತಿಗೆ ಕೆಲಸಕ್ಕೆ ಹೋಗುವುದರಿಂದ, ಒಂಬತ್ತನೆಯ ತರಗತಿಯಲ್ಲಿದ್ದ ಮೊಮ್ಮಗಳು ಶಬೀನಾಳ ಡಬ್ಬಿ ಕಟ್ಟುವವನು ನಾನೇ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಮಾಡಲು ಬರುತ್ತಿದ್ದುದು ನುಚ್ಚಿನ ಅನ್ನ ಒಂದೇ.

ಒಂದು ಸಂಜೆ ಅವಳು ಮೊಣಕೈ ತರಚಿಕೊಂಡು ಬಂದಳು. ಕೇಳಿದರೆ ಬಿದ್ದೆ ಎಂದಳು. ಮರುದಿನ ಶಾಲೆಗೆ ಹೋಗುವುದೇ ಇಲ್ಲವೆಂದು ಕುಳಿತಳು. ಹುಡುಗಿಯರು ತನ್ನನ್ನು ನುಚ್ಚು ಎಂದು ಕರೆಯುತ್ತಾರೆ ಎಂಬುದಷ್ಟೇ ಅವಳ ಬಾಯಿಂದ ಹೊರಟಿತು.

ನನಗೆ ನಾಚಿಕೆಯಾಯಿತು. ನನ್ನ ಡಬ್ಬಿಯೇ ಕೂಸಿಗೆ ಈ ಹೆಸರು ತಂದಿತು ಎಂದುಕೊಂಡೆ. ಪೇಟೆಯಿಂದ ಸೋನಾಮಸೂರಿ ತಂದೆ. ನೆರೆಮನೆಯ ಕಳಕಮ್ಮನನ್ನು ಕೇಳಿ ಕೇಳಿ ಚಿತ್ರಾನ್ನ ಮಾಡಿ, ಡಬ್ಬಿ ತುಂಬಿ ಅವಳ ಮುಂದಿಟ್ಟೆ.

ಶಬೀನಾ ಮುಚ್ಚಳ ತೆಗೆದು ನೋಡಿ ನಕ್ಕಳು. ಆಮೇಲೆ ಅತ್ತಳು.

"ಅನ್ನಕ್ಕಲ್ಲ ದಾದಾ. ನನ್ನ ಮಾ... ಮಾತಿಗೆ ಅಂತಾರ. ಒಡದ ಅಕ್ಕಿ ಇದ್ದಂಗ ಐತಂತ."

ಅವಳು ಚಿಕ್ಕಂದಿನಿಂದ ತೊದಲುತ್ತಾಳೆ. ಮನೆಯಲ್ಲಿ ಅದನ್ನು ಯಾರೂ ಕುಂದೆಂದು ಎಣಿಸಿರಲಿಲ್ಲ. ಜುಬೇದಾಬೀ ಅಂತೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಕೊನೆಯ ಅಕ್ಷರದವರೆಗೆ ಕಾಯುತ್ತಿದ್ದಳು. ಅವಳು ಹೋದ ಮೇಲೆ ನಾನು ಮೊಮ್ಮಗಳ ಮಾತನ್ನು ಅರ್ಧಕ್ಕೇ ಹಿಡಿದು ನಾನೇ ಮುಗಿಸುತ್ತಿದ್ದೆ. ಅದು ಆಗ ಹೊಳೆಯಿತು.

ತಸ್ಬೀಹಿನ ಮಣಿ ಎಳೆಯುತ್ತ, ಈ ಸಲ ನಡುವೆ ಬಾಯಿ ಹಾಕದೆ ಕೇಳಿದೆ. ಅವಳು ಎಲ್ಲ ಹೇಳಿದಳು. ಊಟದ ಬಿಡುವಿನಲ್ಲಿ ಅವಳ ತರಗತಿಯ ಶೈಲಜಾ ಮತ್ತು ಜೊತೆಯವರು ಇವಳಿಂದ ಜೋರಾಗಿ ಪಾಠ ಓದಿಸುತ್ತಾರೆ. ತೊದಲಿದಾಗಲೆಲ್ಲ ತಲೆಗೆ ಒಂದು ಏಟು. ಮೊನ್ನೆ ಮೆಟ್ಟಿಲ ಮೇಲಿಂದ ನೂಕಿದರು.

ಮರುದಿನ ಇಬ್ಬರೂ ಶಾಲೆಗೆ ಹೋದೆವು. ಕ್ಲಾಸ್ ಟೀಚರ್ ಕೊಟ್ರೇಶ ಸರ್ ಶೈಲಜಾಳನ್ನೂ ಕರೆಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶಬೀನಾ ನನ್ನ ತೋಳು ಹಿಡಿದು ತಾನೇ ಶುರುಮಾಡಿದಳು. ಎರಡನೆಯ ಮಾತಿಗೇ ತಡೆಯಿತು. ಶೈಲಜಾ ತುಟಿ ಕಚ್ಚಿ ನಗು ತಡೆದಳು. ಸರ್ ಮಾತು ಪೂರ್ತಿ ಮಾಡಿಕೊಡಲು ಹೋದರು.

"ತಡೀರಿ ಸರ. ಆಕಿ ಮುಗಸ್ತಾಳ," ಎಂದೆ.

ಕಾದೆವು. ಬಹಳ ಹೊತ್ತು ಹಿಡಿಯಿತು. ಒಂದನ್ನೂ ಬಿಡದೆ ಹೇಳಿ ಮುಗಿಸಿದಳು. ಅಷ್ಟರಲ್ಲಿ ಶೈಲಜಾಳ ತಲೆ ತಗ್ಗಿತ್ತು. ಆ ಹೆಸರು ತಮ್ಮ ಕಿವಿಗೂ ಬಿದ್ದಿತ್ತು, ಹುಡುಗಾಟವೆಂದು ಬಿಟ್ಟಿದ್ದು ತಮ್ಮ ತಪ್ಪು ಎಂದು ಸರ್ ಒಪ್ಪಿಕೊಂಡರು. ಆ ಹುಡುಗಿಯರ ಮನೆಯವರನ್ನು ಕರೆಸಿದರು. ಅಂದಿನಿಂದ ಊಟದ ಬಿಡುವಿನಲ್ಲಿ ತಾವೇ ವರಾಂಡದಲ್ಲಿ ಇರತೊಡಗಿದರು. ಶೈಲಜಾ ಇನ್ನೂ ಕ್ಷಮೆ ಕೇಳಿಲ್ಲ. ಕೈ ಮಾಡುವುದನ್ನಂತೂ ಬಿಟ್ಟಿದ್ದಾಳೆ.

ನಿನ್ನೆ ಸಂಜೆ ನಾನು ಅಕ್ಕಿ ಆರಿಸುತ್ತಿದ್ದಾಗ ಶಬೀನಾ ಬಂದು, ನಾಳೆ ಚಿತ್ರಾನ್ನ ಬೇಡ, ನುಚ್ಚಿನ ಅನ್ನವನ್ನೇ ಕಟ್ಟು, ಇಬ್ಬರಿಗಾಗುವಷ್ಟು ಎಂದಳು. ಇನ್ನೊಬ್ಬರು ಯಾರೆಂದು ಕೇಳಿದೆ.

"ನನ್ನ ಬೆಂಚಿಗೆ ಬಂದು ಕುಂತಾಳ, ಮೆ... ಮೆ..."

ಅಕ್ಕಿಯ ಮೊರವನ್ನು ಕೆಳಗಿಟ್ಟು ಕಾದೆ.

"ಮೆಹಜಬೀನ," ಎಂದಳು.